ಪಕ್ಕೆ ನೋವೆಲ್ಲ ಕಿಡ್ನಿ ಸ್ಟೋನ್ ಅಲ್ಲ, ದಯವಿಟ್ಟು ಓದಿ

ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ನೋವು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕಿಡ್ನಿ ಸ್ಟೋನ್ ಇರಬೇಕು, ಬಾಳೆದಿಂಡಿನ ರಸ ಕುಡಿಸಿ. ನಮ್ಮ ಭಾವನಿಗೂ ಹಾಗೇ ಹೇಳಿದರು. ನರ್ಸಿಂಗ್ ಹೋಮಿನಲ್ಲೂ ಅದೇ. ಮೂತ್ರದಲ್ಲಿ ರಕ್ತ ಇಲ್ಲ, ಹಿಮೋಗ್ಲೋಬಿನ್ ಪರವಾಗಿಲ್ಲ ಅಂತ ನೋವಿಗೆ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಕೂಡ ಮಾಡಿಸದೆ ಮನೆಗೆ ಕಳಿಸಿದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅವತ್ತೇ ರಾತ್ರಿ ಬಚ್ಚಲಿಗೆ ಅಂತ ಎದ್ದವರು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೇ ಕುಸಿದರು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು, ಮೈ ಮಾತ್ರ ತಣ್ಣಗೆ. ಅಕ್ಕ ಕೆಳರೆಪ್ಪೆ ಎಳೆದು ನೋಡಿದಳು, ಕೆಂಪೇ ಇಲ್ಲ, ಪೂರ್ತಿ ಬಿಳಿಚಿಕೊಂಡಿತ್ತು. ಬೆಳಗಾಗಲಿ ಅಂತ ಕಾಯದೆ ತಕ್ಷಣ 108ಕ್ಕೆ ಫೋನ್ ಮಾಡಿದಳು, ಅದರಿಂದಲೇ ಜೀವ ಉಳಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರೆ ಎಡ ಕಿಡ್ನಿಯ ಸುತ್ತ ರಕ್ತ ತುಂಬಿಕೊಂಡಿತ್ತು. ರಕ್ತ ಏರಿಸಿದರು, ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಹಾಕಿ, ಸೋರುತ್ತಿದ್ದ ನಾಳ ಮುಚ್ಚಿದರು.

ಇದಕ್ಕೆ ವುಂಡರ್ಲಿಕ್ ಸಿಂಡ್ರೋಮ್ ಅಂತಾರೆ. ಅಪರೂಪ, ನಿಜ. ಏನೂ ಪೆಟ್ಟು ಬೀಳದೆ ಕಿಡ್ನಿಯ ಸುತ್ತ ರಕ್ತಸ್ರಾವ ಆಗುತ್ತದೆ. ಜಾಸ್ತಿ ಜನಕ್ಕೆ ಕಿಡ್ನಿಯಲ್ಲಿರುವ ಗಡ್ಡೆಯೇ ಕಾರಣ. ಕೆಲವರದ್ದು ಕೊಬ್ಬು ಸೇರಿಕೊಂಡ ಸಾಧಾರಣ ಗಡ್ಡೆ, ಕೆಲವರದ್ದು ಕ್ಯಾನ್ಸರ್. ರಕ್ತ ಕಿಡ್ನಿಯ ಹೊರಗೆ ಸೇರುವುದರಿಂದ ಮೂತ್ರ ತಿಳಿಯಾಗೇ ಇರಬಹುದು. ಶುರುವಿನಲ್ಲಿ ಹಿಮೋಗ್ಲೋಬಿನ್ ಕೂಡ ಇಳಿಯದೇ ಇರಬಹುದು. ಹಾಗಾಗಿ ಆ ಎರಡು ರಿಪೋರ್ಟ್ ಚೆನ್ನಾಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ನೋವಿನ ಜೊತೆ ತಣ್ಣನೆ ಬೆವರು, ತಲೆಸುತ್ತು, ಬಿಳಿಚಿದ ಮುಖ, ಬಿಪಿ ಇಳಿಯುವುದು, ಇದರಲ್ಲಿ ಯಾವುದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಅದನ್ನು ಮೊದಲೇ ಹೇಳಿ.

ಇನ್ನೊಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೆಪ್ಪುಗಟ್ಟಿದ ರಕ್ತ ಗಡ್ಡೆಯನ್ನು ಮುಚ್ಚಿಬಿಡುತ್ತದೆ. ಭಾವನ ಮೊದಲ ಸ್ಕ್ಯಾನಿನಲ್ಲಿ ಬರೀ ರಕ್ತ ಕಂಡಿತ್ತು, ಗಡ್ಡೆ ಕಾಣಲೇ ಇಲ್ಲ. ಚೇತರಿಸಿಕೊಂಡು ಓಡಾಡ್ತಿದ್ದರಲ್ವಾ, ಮತ್ತೆ ಯಾಕೆ ಖರ್ಚು ಅಂತ ಮನೆಯಲ್ಲಿ ಮಾತು ಬಂತು. ಅಕ್ಕ ಬಿಡಲಿಲ್ಲ. ರಕ್ತ ಕರಗಿದ ಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಗಡ್ಡೆ ಸಿಕ್ಕಿತು, ಕಿಡ್ನಿ ತೆಗೆದರು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಈಗ ಒಂದೇ ಕಿಡ್ನಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ, ತಪಾಸಣೆ ನಡೀತಾ ಇದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ರಕ್ತಸ್ರಾವ ಆಗಿ ವಾಸಿಯಾಗಿದ್ದರೆ, ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಸ್ಕ್ಯಾನಿನ ತಾರೀಖು ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.