ವಿದ್ಯುತ್ ಕಾರಿನ ಕಪ್ಲಿಂಗ್‌ಗೆ ಯಾವ ಸ್ಪೈಡರ್?

ಹಳೆಯ ಕಾರಿಗೆ ವಿದ್ಯುತ್ ಮೋಟರ್ ಕೂರಿಸುವವರು ಮೋಟರನ್ನೂ ಗೇರ್‌ಬಾಕ್ಸನ್ನೂ ಜಾ ಕಪ್ಲಿಂಗ್‌ನಿಂದ (ಹಲ್ಲುಗಳಿರುವ ಎರಡು ಲೋಹದ ತುಂಡುಗಳು ಎದುರುಬದುರಾಗಿ ಕೂರುವ ಜೋಡಣೆ) ಜೋಡಿಸಿದರೆ, ಅದರ ಆಯುಷ್ಯ ನಿಲ್ಲುವುದು ಆ ಹಲ್ಲುಗಳ ನಡುವೆ ಕೂರುವ ಸ್ಪೈಡರ್, ಅಂದರೆ ಕಾಲುಗಳುಳ್ಳ ನಕ್ಷತ್ರದಾಕಾರದ ತುಂಡಿನ ಮೇಲೆ.

ನೈಟ್ರೈಲ್ ರಬ್ಬರ್ ಮೆತ್ತಗೆ, ಎಣ್ಣೆಗೆ ಜಗ್ಗದು, ಸುಮಾರು 100 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ಏಟನ್ನೂ ಚೆನ್ನಾಗಿ ನುಂಗುತ್ತದೆ. ಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ ಅದರ ಒಂದೂವರೆ ಪಟ್ಟು ಟಾರ್ಕ್ (ತಿರುಗಿಸುವ ಬಲ) ಹೊರುತ್ತದೆ. ಆದರೆ ಮಿತಿ ಸುಮಾರು 70 ಡಿಗ್ರಿ. ಬಿಸಿ ಮೋಟರಿನ ಪಕ್ಕ, ಮುಚ್ಚಿದ ಹೌಸಿಂಗ್‌ನಲ್ಲಿ ಅದು ಒಳಗಿನಿಂದಲೇ ಮೆತ್ತಗಾಗಿ ಹರಿಯುತ್ತದೆ. ‘ಗಟ್ಟಿ’ ಎಂದು ಕೊಂಡವರು ಎಡವುವುದು ಇಲ್ಲೇ.

ಹೈಟ್ರೆಲ್ ಎಂಬ ಇನ್ನೊಂದು ಪ್ಲಾಸ್ಟಿಕ್ ನೈಟ್ರೈಲ್‌ನ ಸುಮಾರು ಮೂರು ಪಟ್ಟು ಟಾರ್ಕ್, 120 ಡಿಗ್ರಿ ತಾಳುತ್ತದೆ. ಅದಕ್ಕೆ ತೆರುವ ಬೆಲೆ: ಎರಡು ಶಾಫ್ಟ್‌ಗಳ ನಡುವಿನ ಕೋನದ ತಪ್ಪನ್ನು ಅರ್ಧ ಡಿಗ್ರಿಯಷ್ಟೇ ಸಹಿಸುತ್ತದೆ (ನೈಟ್ರೈಲ್‌ಗೆ ಒಂದು), ಏಟು ನೇರ ಬೇರಿಂಗ್‌ಗೆ ಹೋಗುತ್ತದೆ. ಕಂಚಿನದು 250 ಆರ್‌ಪಿಎಂ ಒಳಗಿನ ಕೆಲಸಕ್ಕೆ, ಇಲ್ಲಿ ಬೇಡ.

ರೀಜನರೇಟಿವ್ ಬ್ರೇಕ್ (ಮೋಟರೇ ಕಾರನ್ನು ನಿಧಾನಿಸಿ ಬ್ಯಾಟರಿ ತುಂಬುವ ವ್ಯವಸ್ಥೆ) ಇದ್ದರೆ ಟಾರ್ಕ್ ಪದೇಪದೇ ದಿಕ್ಕು ಬದಲಿಸಿ ಸ್ಪೈಡರ್‌ನ ಕಾಲುಗಳನ್ನು ಎರಡೂ ಬದಿ ತಿನ್ನುತ್ತದೆ. ಡಯಲ್ ಗೇಜ್ (ಸೂಕ್ಷ್ಮ ಓರೆ ಅಳೆಯುವ ಮಾಪಕ) ಹಿಡಿದು ಶಾಫ್ಟ್ ಸರಿಹೊಂದಿಸಬಲ್ಲವರಿಗೆ ಹೈಟ್ರೆಲ್. ಇಲ್ಲದಿದ್ದರೆ ಒಂದು ಅಳತೆ ದೊಡ್ಡ ಕಪ್ಲಿಂಗ್‌ನಲ್ಲಿ ನೈಟ್ರೈಲ್. ಹೌಸಿಂಗ್‌ನಲ್ಲಿ ಸ್ಪೈಡರ್ ಸವೆದ ಪುಡಿ ಕಂಡರೆ, ಕಾಲಿನ ದಪ್ಪ ಕಾಲು ಭಾಗ ಸವೆದಿದ್ದರೆ, ತಡಮಾಡದೆ ಬದಲಿಸಿ.