ಗುಂಡನ ಅರಿಶಿನದ ಪುಡಿ: 14 ತಿಂಗಳ ಬಳಕೆ, ಮನೆ ತುಂಬಾ ಹಳದಿ

ಬಿಳಿ ನೆಲ, ಬಿಳಿ ಸೋಫಾ, ಬಿಳಿ ನಾಯಿ. ಈ ಮೂರರಲ್ಲಿ ಒಂದಿದ್ದರೂ ನಾಯಿಯ ಕೀಲುನೋವಿಗೆ ಕೊಡುವ ಈ ಪುಡಿ ತರಿಸುವ ಮುಂಚೆ ಎರಡು ಸಲ ಯೋಚಿಸಿ. ನಮ್ಮನೆಯಲ್ಲಿ ಮೂರೂ ಇವೆ.

ಗುಂಡ 11 ವರ್ಷದ ಲ್ಯಾಬ್ರಡಾರ್. ಮಲಗಿದ್ದವನು ಏಳುವಾಗ ಹಿಂಗಾಲು ನಡುಗುತ್ತಿತ್ತು. ಡಾಕ್ಟರು ಎಕ್ಸ್‌ರೇ ನೋಡಿ ಕೀಲು ಸವೆದಿದೆ, ಮೊದಲು ತೂಕ ಇಳಿಸಿ ಎಂದರು. ಗಿಡಮೂಲಿಕೆ ಪುಡಿ ಕೊಡಬಹುದಾ ಅಂತ ಕೇಳಿದ್ದಕ್ಕೆ, "ಕೊಟ್ಟು ನೋಡಿ, ಆದರೆ ನಾನು ಬರೆದ ನೋವಿನ ಮಾತ್ರೆ ನೀವಾಗಿ ನಿಲ್ಲಿಸಬೇಡಿ" ಎಂದರು. ಹಾಗೆ ಬಂತು ಈ ಡಬ್ಬ. ಅರಿಶಿನ, ಶಲ್ಲಕಿ (ಒಂದು ಮರದ ಅಂಟು), ಅಶ್ವಗಂಧ, ಜೊತೆಗೆ ಒಂಚೂರು ಕಾಳುಮೆಣಸು. ಅರಿಶಿನದ ಹಳದಿ ಅಂಶ ಕರ್ಕ್ಯುಮಿನ್ ಬರೀ ನೀರಲ್ಲಿ ಕರಗುವುದಿಲ್ಲ, ಮೆಣಸು, ಜಿಡ್ಡು ಇದ್ದರೆ ಚೆನ್ನಾಗಿ ಮೈಗೆ ಹತ್ತುವುದು.

ಹಾಗಾಗಿ ರಾತ್ರಿ 8ಕ್ಕೆ ಒಂದು ಪೂಜೆ. ಕಾಲು ಚಮಚ ತುಪ್ಪ ಬೆಚ್ಚಗೆ ಮಾಡಿ (ತೂಕ ಇಳಿಸಬೇಕಲ್ವಾ ಅಂತ ಕೇಳಬೇಡಿ, ಅನ್ನ ಕಮ್ಮಿ ಮಾಡಿದ್ದೇನೆ), ಅದರಲ್ಲಿ ಪುಡಿ ಕಲಸಿ, ಹಿಚುಕಿದ ಮೊಸರನ್ನಕ್ಕೆ ಸೇರಿಸುತ್ತೇನೆ. ಮುಚ್ಚಳ ಟಕ್ ಅಂದರೆ ಸಾಕು, ಗುಂಡ ಅಡುಗೆಮನೆ ಹೊಸ್ತಿಲಲ್ಲಿ ಜೊಲ್ಲು ಸುರಿಸಿಕೊಂಡು ಕೂತಿರುತ್ತಾನೆ.

ಗೋಳು ಶುರುವಾಗುವುದು ಊಟ ಆದಮೇಲೆ. ಮೂತಿ ಒರೆಸುವಷ್ಟರಲ್ಲಿ ಸೋಫಾಗೆ ಉಜ್ಜಿ ಆಗಿರುತ್ತೆ. ಮೊದಲ ವಾರ ಅವನ ಹಾಸಿಗೆಯ ಬಟ್ಟೆ ಸೋಪು ಹಾಕಿ ತಿಕ್ಕಿದೆ ನೋಡಿ, ಹಳದಿ ಕಲೆ ಕೆಂಪಗಾಯಿತು! ಒಸಡಿನಿಂದ ರಕ್ತ ಬರ್ತಿದೆ ಅಂತ ಅವನ ಬಾಯಿ ಅಗಲಿಸಿ ಟಾರ್ಚ್ ಬಿಟ್ಟು ನೋಡಿದ್ದೂ ಆಯಿತು. ಅಮ್ಮ ನಕ್ಕು, "ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಕೆಂಪು ಮಾಡಲ್ವೇನೋ, ಸೋಪಿಗೂ ಹಾಗೇ ಆಗೋದು. ಬಿಸಿಲಿಗೆ ಹಾಕು" ಎಂದರು. ಎರಡು ದಿನದ ಬಿಸಿಲಿಗೆ ಬಟ್ಟೆಯ ಕಲೆ ಹೋಯಿತು. ಸೋಫಾನ ಬಿಸಿಲಿಗೆ ಎಲ್ಲಿ ಹೊರುವುದು?

ಕಲೆಯನ್ನಾದರೂ ಸಹಿಸಿಕೊಂಡೆ. ಸಿಟ್ಟು ಬಂದಿದ್ದು ಡಬ್ಬದ ಮೇಲಿನ ಮಾತಿಗೆ: "ನೈಸರ್ಗಿಕ, ಅಡ್ಡಪರಿಣಾಮ ಇಲ್ಲ." ಪೂರ್ತಿ ಅಳತೆಯಲ್ಲಿ ಶುರು ಮಾಡಿದ್ದಕ್ಕೆ ಗುಂಡನಿಗೆ ಮೂರು ದಿನ ಭೇದಿ. ಆಮೇಲೆ ಕಾಲು ಚಮಚದಿಂದ ನಿಧಾನಕ್ಕೆ ಏರಿಸಿದೆ. ಅರಿವಳಿಕೆ ಕೊಟ್ಟು ಹಲ್ಲು ಕ್ಲೀನ್ ಮಾಡಿಸುವ ಮುಂಚೆ ಡಾಕ್ಟರು ಇದನ್ನು ನಿಲ್ಲಿಸಿ ಎಂದರು, ಅರಿಶಿನ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದಂತೆ. ಇದನ್ನು ಡಬ್ಬದ ಮೇಲೆ ಒಂದು ಸಾಲು ಬರೆಯೋಕೆ ಜಾಗ ಇರಲಿಲ್ಲವಾ? ಓಡುವ ನಾಯಿಯ ಚಿತ್ರಕ್ಕೆ ಮಾತ್ರ ಅರ್ಧ ಡಬ್ಬ ಇದೆ.

ಗುಣ ಕಂಡಿತಾ? ಈಗ ಮೆಟ್ಟಿಲು ನಿಲ್ಲದೆ ಹತ್ತುತ್ತಾನೆ. ಆದರೆ 38 ಕಿಲೋ ಇದ್ದವನು 34ಕ್ಕೆ ಇಳಿದಿದ್ದಾನೆ, ಕೀರ್ತಿ ಯಾರಿಗೆ ಕೊಡಲಿ? ಒಂದು ತಿಂಗಳು ಪುಡಿ ನಿಲ್ಲಿಸಿ ನೋಡಿದೆ. ಬೆಳಗ್ಗೆ ಏಳುವಾಗ ಸ್ವಲ್ಪ ತಡ ಮಾಡಿದ ಹಾಗನ್ನಿಸಿತು, ಅದು ಚಳಿಗಾಲ ಬೇರೆ. ಆ ತಿಂಗಳು ರಾತ್ರಿ 8ಕ್ಕೆ ಹೊಸ್ತಿಲಲ್ಲಿ ಕೂತು ನನ್ನ ಮುಖ ನೋಡುತ್ತಿದ್ದನಲ್ಲ, ಅದಕ್ಕೇ ಮತ್ತೆ ತರಿಸಿದೆ. ಡಬ್ಬಕ್ಕೆ 650 ರೂಪಾಯಿ, ಅವನ ಗಾತ್ರಕ್ಕೆ 25 ದಿನವೂ ಬರುವುದಿಲ್ಲ. ಎರಡು ನಾಯಿ ಇದ್ದಿದ್ದರೆ ನನ್ನ ಕೈಲಾಗುತ್ತಿರಲಿಲ್ಲ.

ಕಲೆ ಬೇಡ ಅನ್ನುವವರಿಗೆ ಇದೇ ಮಾತ್ರೆ ರೂಪದಲ್ಲೂ ಸಿಗುತ್ತೆ. ನಾನೂ ತಂದಿದ್ದೆ. ಮೊಸರನ್ನ ಪೂರ್ತಿ ಖಾಲಿ, ಮಾತ್ರೆ ಮಾತ್ರ ತೊಳೆದಿಟ್ಟ ಹಾಗೆ ತಟ್ಟೆಯ ನಡುವೆ.