ಅತ್ತೆಯ ಸಿಟಿಜನ್‌ಶಿಪ್ ಕ್ಲಾಸು: ಐದಕ್ಕೆ ನಾಲ್ಕೂವರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಮನೆಯಿಂದ ಎರಡು ಮೈಲಿ ದೂರಕ್ಕೆ ಒಂದು ಸಮುದಾಯ ಕೇಂದ್ರ ಇದೆ. ಗ್ರೀನ್ ಕಾರ್ಡ್ ಇರುವವರನ್ನು ಅಮೆರಿಕದ ಪೌರತ್ವದ ಪರೀಕ್ಷೆಗೆ ತಯಾರು ಮಾಡುವ ಕ್ಲಾಸ್ ಅಲ್ಲಿ ನಡೆಯುತ್ತದೆ. ಫೀಸ್ ಇಲ್ಲ. ನಮ್ಮ ಅತ್ತೆ 2024ರ ಸೆಪ್ಟೆಂಬರ್‌ನಲ್ಲಿ ಸೇರಿದರು. ಊರಿಂದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆಸಿಕೊಂಡಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅತ್ತೆ ತಿಪಟೂರಿನವರು. ವಯಸ್ಸು 66. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಓದಿದವರು. ವಯಸ್ಸಾದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ ಅಂತ ತುಂಬಾ ಜನ ಹೇಳುತ್ತಾರೆ. ವಿನಾಯ್ತಿ ಇರೋದು ನಿಜ. ಆದರೆ 50 ದಾಟಿದವರಿಗೆ ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿರಬೇಕು, 55 ದಾಟಿದವರಿಗೆ 15 ವರ್ಷ. ಅರವತ್ತರ ಮೇಲೆ ಮಗನ ಮನೆಗೆ ಬಂದವರಿಗೆ ಅದು ಯಾವ ಕಾಲಕ್ಕೆ ಸಿಗಬೇಕು? ಹಾಗಾಗಿ ಅತ್ತೆ ಇಂಗ್ಲಿಷಿನಲ್ಲೇ ಓದಬೇಕಿತ್ತು, ಬರೆಯಬೇಕಿತ್ತು, ಅಧಿಕಾರಿಯ ಎದುರು ಕೂತು ಮಾತಾಡಬೇಕಿತ್ತು.

ಕ್ಲಾಸಿಗೆ ಸೇರುವ ಮೊದಲು ನಾವೊಂದು ತಪ್ಪು ಮಾಡಿದ್ದೆವು. ಯಾರೋ ಹೇಳಿದರು ಅಂತ ಒಬ್ಬರಿಗೆ 600 ಡಾಲರ್ ಕೊಟ್ಟು ಪೌರತ್ವದ ಅರ್ಜಿ, ಅಂದರೆ ಎನ್-400 ಫಾರ್ಮ್ ತುಂಬಿಸಿದ್ದೆವು. ಪುಣ್ಯಕ್ಕೆ ಸಲ್ಲಿಸಿರಲಿಲ್ಲ. ಕೇಂದ್ರದಲ್ಲಿ ಫಾರ್ಮ್ ನೋಡಿಕೊಡುವ ಹೆಂಗಸು ಲಾಯರ್ ಅಲ್ಲ. ಆದರೆ ಇಂಥ ಕೆಲಸಕ್ಕೆ ನ್ಯಾಯ ಇಲಾಖೆಯ ಮಾನ್ಯತೆ ಪಡೆದವರು. ಅವರು ಅತ್ತೆಯ ಪಾಸ್‌ಪೋರ್ಟ್ ತೆಗೆದು ಒಂದೊಂದೇ ಪುಟ ತಿರುವಿದರು. ಬೆಂಗಳೂರಿನ ಮುದ್ರೆ, ಸ್ಯಾನ್ ಫ್ರಾನ್ಸಿಸ್ಕೋದ ಮುದ್ರೆ ಎರಡನ್ನೂ ಬೆರಳಲ್ಲಿ ಹಿಡಿದು ದಿನ ಎಣಿಸಿ ಪಕ್ಕದ ಹಾಳೆಯಲ್ಲಿ ಬರೆದುಕೊಂಡರು. ಫಾರ್ಮ್‌ನಲ್ಲಿ ಮೂರು ಪ್ರಯಾಣ ಇತ್ತು, ಪಾಸ್‌ಪೋರ್ಟಲ್ಲಿ ನಾಲ್ಕು. ಬಿಟ್ಟುಹೋಗಿದ್ದು ನಾದಿನಿಯ ಬಾಣಂತನಕ್ಕೆ ಹೋಗಿದ್ದ ಐದು ತಿಂಗಳು ಇಪ್ಪತ್ತು ದಿನ. ಒಂದೇ ಸಲ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅಧಿಕಾರಿಗಳು ಪ್ರಶ್ನೆ ಮಾಡುತ್ತಾರೆ. ಐದು ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಇಲ್ಲೇ ಇದ್ದಿರಬೇಕು. ಅತ್ತೆಯ ಲೆಕ್ಕ ಎಲ್ಲ ಸರಿಯಾಗೇ ಇತ್ತು. ಆದರೆ ಒಂದು ಪ್ರಯಾಣ ಬರೆಯದೇ ಹೋಗಿದ್ದರೆ ಇಂಟರ್ವ್ಯೂನಲ್ಲಿ ಸುಳ್ಳು ಹೇಳಿದ ಹಾಗೆ ಕಾಣುತ್ತಿತ್ತು. ಮುಕ್ಕಾಲು ಗಂಟೆಯ ಆ ಕೆಲಸಕ್ಕೆ ಅವರು ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ.

ಇನ್ನು ಕ್ಲಾಸ್. ವಾರಕ್ಕೆ ಎರಡು ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಅಫ್ಘಾನ್ ಹೆಂಗಸರು, ಪಂಜಾಬಿ ಅಜ್ಜ, ಚೀನಾದ ಗಂಡ ಹೆಂಡತಿ, ನಮ್ಮತ್ತೆ. ಟೀಚರ್ ನಿವೃತ್ತ ಶಾಲಾ ಮೇಡಂ. ಪರೀಕ್ಷೆಗೆ ಅಂತ ಇದ್ದ, ಅಮೆರಿಕದ ಇತಿಹಾಸ, ಸರ್ಕಾರದ ಬಗೆಗಿನ ನೂರು ಪ್ರಶ್ನೆ ಬಾಯಿಪಾಠ ಮಾಡೋದು ಅತ್ತೆಗೆ ಕಷ್ಟವೇ ಆಗಲಿಲ್ಲ. ಮಗ್ಗಿ ಬಾಯಿಪಾಠ ಮಾಡಿ ಬಂದ ತಲೆಮಾರು, ಅಲ್ವಾ? ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥನಿ ಕತೆಯನ್ನಂತೂ ರಾತ್ರಿ ಊಟಕ್ಕೆ ಕೂತಾಗ ನಮಗೆಲ್ಲ ಹೇಳಿದರು. "1872ರಲ್ಲಿ ವೋಟು ಹಾಕಿದ್ದಕ್ಕೆ ಅರೆಸ್ಟ್ ಮಾಡಿದ್ರಂತೆ ಕಣಮ್ಮ. ನೂರು ಡಾಲರ್ ದಂಡ ಹಾಕಿದ್ರೆ ಕಟ್ಟಲೇ ಇಲ್ವಂತೆ, ಗಟ್ಟಿಗಿತ್ತಿ!"

ಕಷ್ಟ ಇದ್ದಿದ್ದು ಬೇರೆ ಕಡೆ. ಅಧಿಕಾರಿ ಏನು ಕೇಳಿದರೂ ಅತ್ತೆ ಮರ್ಯಾದೆಗೆ "ಯೆಸ್ ಸರ್" ಅನ್ನುತ್ತಿದ್ದರು. ಅಣಕು ಇಂಟರ್ವ್ಯೂನಲ್ಲಿ ಟೀಚರ್ "ನಿಮ್ಮನ್ನು ಯಾವತ್ತಾದರೂ ಅರೆಸ್ಟ್ ಮಾಡಿದ್ದಾರಾ?" ಅಂದರೆ ಅದಕ್ಕೂ "ಯೆಸ್ ಸರ್". ಇಲ್ಲದಿದ್ದರೆ ನಮ್ಮ ಕಡೆಯ ಹಾಗೆ ತಲೆ ಅಲ್ಲಾಡಿಸಿ ಸುಮ್ನೆ "ಹೂಂ" ಅನ್ನೋದು. ಹೌದೋ ಅಲ್ಲವೋ ಇಲ್ಲಿಯವರಿಗೆ ಗೊತ್ತಾಗಲ್ಲ. ಟೀಚರ್ ಬೈಯಲಿಲ್ಲ, ನಗಲೂ ಇಲ್ಲ. ವಾರಗಟ್ಟಲೆ ಅದೊಂದನ್ನೇ ತಿದ್ದಿದರು. ಪ್ರಶ್ನೆ ಪೂರ್ತಿ ಕೇಳಿ, ಒಂದು ಉಸಿರು ತಗೊಳ್ಳಿ, ಆಮೇಲೆ ಬಾಯಿಬಿಟ್ಟು ಯೆಸ್ ಅಥವಾ ನೋ ಹೇಳಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಬಹುದು. ಹಾಗೆ ಕೇಳಬಹುದು ಅನ್ನೋದೇ ಅತ್ತೆಗೆ ಗೊತ್ತಿರಲಿಲ್ಲ. ಇದನ್ನು ಯಾವ ಆ್ಯಪ್ ಕಲಿಸುತ್ತೆ? ಮನೆಯಲ್ಲಿ ನಾನು, ನಮ್ಮ ಯಜಮಾನರು ಕೆಲಸ ಮುಗಿಸಿ ಬಂದು ಇಷ್ಟು ತಾಳ್ಮೆಯಿಂದ ಕಲಿಸುತ್ತಿರಲಿಲ್ಲ, ನಿಜ ಹೇಳಬೇಕು.

ಸ್ಪೆಲ್ಲಿಂಗ್‌ನಲ್ಲಿ ಫೆಬ್ರವರಿ ಪ್ರತಿ ಸಲ ತಪ್ಪುತ್ತಿತ್ತು, 'ಆರ್' ಬಿಟ್ಟುಹೋಗುತ್ತಿತ್ತು. ಕೊನೆಗೆ ದಾರಿ ಅತ್ತೆಯೇ ಹುಡುಕಿದರು. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ 'ಫೆಬ್ರವರಿ' ಅಂತ ಬರೆದು, ಬ ಕೆಳಗಿನ ರ ಒತ್ತಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು. "ಒತ್ತು ಇದೆಯಲ್ಲ, ಅದೇ ಆರ್." ಮತ್ತೆ ತಪ್ಪಲಿಲ್ಲ.

2025ರ ಜುಲೈನಲ್ಲಿ ಇಂಟರ್ವ್ಯೂ ಆಯಿತು. ಆಗ ಹತ್ತು ಪ್ರಶ್ನೆಯಲ್ಲಿ ಆರು ಸರಿಯಾದರೆ ಸಾಕಿತ್ತು. ಅತ್ತೆ ಮೊದಲ ಆರಕ್ಕೆ ಆರೂ ಸರಿ ಹೇಳಿದ್ದಕ್ಕೆ ಅಧಿಕಾರಿ ಅಲ್ಲಿಗೇ ನಿಲ್ಲಿಸಿದರಂತೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪರೀಕ್ಷೆ ಬೇರೆ. 128 ಪ್ರಶ್ನೆ ಓದಬೇಕು, 20 ಕೇಳುತ್ತಾರೆ, 12 ಸರಿ ಇರಬೇಕು. ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿರುವ, 65 ದಾಟಿದವರಿಗೆ ಮಾತ್ರ ಇದಕ್ಕಿಂತ ಸುಲಭ.

ಅರ್ಧ ಸ್ಟಾರ್ ಯಾಕೆ ಕಳೆದೆ? ಬೆಳಿಗ್ಗೆ ಹತ್ತಕ್ಕೆ ಕ್ಲಾಸ್ ಇಟ್ಟರೆ ಕೆಲಸಕ್ಕೆ ಹೋಗುವ ಮನೆಯವರು ಕರೆದುಕೊಂಡು ಹೋಗೋದು ಹೇಗೆ? ಅತ್ತೆ ಬಸ್ ಕಲಿತರು, ಎಲ್ಲರಿಗೂ ಆಗಲ್ಲ. ಮತ್ತೆ, ಭಾರತ ಎರಡು ಪೌರತ್ವ ಒಪ್ಪಲ್ಲ, ಭಾರತದ ಪಾಸ್‌ಪೋರ್ಟ್ ವಾಪಸ್ ಕೊಟ್ಟು ಆಮೇಲೆ ಓಸಿಐ, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್, ಮಾಡಿಸಬೇಕು. ಅದನ್ನು ಕ್ಲಾಸಲ್ಲಿ ಯಾರೂ ಹೇಳಲಿಲ್ಲ. ಅತ್ತೆ ಆ ನೀಲಿ ಪುಸ್ತಕ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದರು. ನಾವು ಮೊದಲೇ ಹೇಳಬೇಕಿತ್ತು.

ಉಚಿತ ಅಂದರೆ ಖರ್ಚೇ ಇಲ್ಲ ಅಂತ ಅಲ್ಲ. ಕೋಣೆಯ ಬಾಡಿಗೆ, ಫಾರ್ಮ್ ನೋಡುವವರ ಸಂಬಳ, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕು. ಇಂಥ ಕೆಲಸಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರದ ಒಂದು ಅನುದಾನ 2009ರಿಂದ ಇತ್ತು. 2023ರಲ್ಲಿ ದೇಶದ 65 ಸಂಸ್ಥೆಗಳಿಗೆ 22 ಮಿಲಿಯನ್ ಡಾಲರ್‌ಗಿಂತ ಜಾಸ್ತಿ ಹೋಗಿತ್ತು. 2025ರಲ್ಲಿ ಅದು ನಿಂತಿತು. ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಪಾಲು ಕೊಡುತ್ತಿದೆ, ಆದರೂ ನಮ್ಮ ಕೇಂದ್ರದಲ್ಲಿ ಎರಡು ಬ್ಯಾಚ್ ಇದ್ದಿದ್ದು ಈಗ ಒಂದೇ. ಪರೀಕ್ಷೆ ಕಷ್ಟ ಆಗಿರುವ ಹೊತ್ತಲ್ಲೇ ಕ್ಲಾಸ್ ಕಡಿಮೆಯಾಗಿದೆ, ನನಗೆ ಇದು ತುಂಬಾ ನೋವಿನ ಸಂಗತಿ. ಇನ್‌ಕಮ್ ಕಡಿಮೆ ಇರುವವರಿಗೆ ಅರ್ಜಿ ಶುಲ್ಕ 380 ಡಾಲರ್ ಅಂತ ಇದೆ. ನಾವು ಆನ್‌ಲೈನಲ್ಲಿ ಪೂರ್ತಿ 710 ಕಟ್ಟಿದೆವು, ಕಟ್ಟುವ ಶಕ್ತಿ ಇತ್ತು. ಅತ್ತೆಯ ಪಕ್ಕ ಕೂರುತ್ತಿದ್ದ ಅಫ್ಘಾನ್ ಹೆಂಗಸಿಗೆ ಈ ಕ್ಲಾಸ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ನಾವೀಗ ತಿಂಗಳಿಗೆ 50 ಡಾಲರ್ ಕೊಡುತ್ತೇವೆ. ನಮ್ಮ ಯಜಮಾನರ ಕಂಪನಿ ಅದಕ್ಕೆ ಇನ್ನೊಂದು 50 ಸೇರಿಸುತ್ತದೆ. ನಿಮ್ಮ ಕಂಪನಿಯಲ್ಲೂ ಇಂಥದ್ದು ಇರಬಹುದು, ಒಮ್ಮೆ ಎಚ್ಆರ್ ಹತ್ತಿರ ವಿಚಾರಿಸಿ.

ನಿಮ್ಮೂರಲ್ಲಿ ಕ್ಲಾಸ್ ಎಲ್ಲಿದೆ ಅಂತ ಲೈಬ್ರರಿಯಲ್ಲೋ ಅಡಲ್ಟ್ ಸ್ಕೂಲಲ್ಲೋ ಕೇಳಿ. ಕಾಯುವ ಪಟ್ಟಿ ಇರುತ್ತದೆ, ಬೇಗ ಹೆಸರು ಬರೆಸಿ. ಮೊದಲ ದಿನವೇ ಅವಧಿ ಮುಗಿದ ಹಳೇ ಪಾಸ್‌ಪೋರ್ಟ್‌ಗಳನ್ನೂ ತಗೊಂಡು ಹೋಗಿ. ಮುದ್ರೆಗಳು ಅದರಲ್ಲೇ ಇರುತ್ತವೆ.